“ಏನ್ ವಿಡಿಯೋ ಮಾಡೋದಣ್ಣಾ?”

(ಅಂಚೆಟ್ಟಿಯಲ್ಲಿ ಗಡಿನಾಡ ಕನ್ನಡ ಯುವಕ ಯುವತಿಯರ ಮುಂದೆ ಆಡಿದ ಮಾತುಗಳ ಬರಹರೂಪ. ಆಡುಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)



ಉರಿಗಂ, ನಾಟ್ರಾಂಪಾಳ್ಯ, ಜವಳಗಿರಿ, ತಳಿ, ಡೆಂಕಣಿಕೋಟೆ ಕಡೆಯಿಂದೆಲ್ಲ ಬಂದಿದ್ದೀರಿ. ಕೆಲವರು ಒಂದೇ ಬೈಕಲ್ಲಿ ಮೂರು ಜನ ಬಂದಿದ್ದನ್ನೂ ನೋಡಿದೆ. ಹೋಗುವಾಗ ಬಸ್ಸಲ್ಲಿ ಹೋಗ್ರಪ್ಪ.

ನಾನೇನು ದೊಡ್ಡ ಯೂಟ್ಯೂಬರ್ ಅಲ್ಲ. ಬೆಳ್ಳಿ ಬಟನ್ನು ಬಂಗಾರದ ಬಟನ್ನು ನಮ್ಮನೆ ಗೋಡೆ ಮೇಲಿಲ್ಲ. ಸಣ್ಣ ಚಾನೆಲ್ ಒಂದು ನಡೆಸ್ತೀನಿ. ತಪ್ಪು ಜಾಸ್ತಿ ಮಾಡಿದ್ದೀನಿ, ಅದಕ್ಕೇ ನನ್ನ ಕರೆದಿದ್ದಾರೆ ಅಂದ್ಕೊಂಡಿದ್ದೀನಿ. ಎಲ್ಲಿ ಹೋದ್ರೂ ನಮ್ಮ ಹುಡುಗರು ಕೇಳೋದು ಒಂದೇ ಪ್ರಶ್ನೆ. “ಫೋನ್ ಐತೆ, ನೆಟ್ ಐತೆ, ಏನ್ ವಿಡಿಯೋ ಮಾಡೋದಣ್ಣಾ? ಎಲ್ಲಾನೂ ಎಲ್ಲಾರೂ ಮಾಡ್ಬಿಟ್ಟವ್ರೆ.” ಇವತ್ತು ಆ ಪ್ರಶ್ನೆಗೆ ಮಾತ್ರ ನನಗೆ ತಿಳಿದಷ್ಟು ಉತ್ತರ ಹೇಳ್ತೀನಿ.

ಮೊದಲು ಒಂದು ಹಳೇ ಕತೆ. ಯೂಟ್ಯೂಬಲ್ಲಿ ಬಂದ ಮೊಟ್ಟಮೊದಲ ವಿಡಿಯೋ ಯಾವುದು ಗೊತ್ತಾ? 2005ರ ಏಪ್ರಿಲ್ 23ನೇ ತಾರೀಕು ಹಾಕಿದ್ದು. ಯೂಟ್ಯೂಬ್ ಕಟ್ಟಿದ ಮೂರು ಜನರಲ್ಲಿ ಒಬ್ಬರಾದ ಜಾವೇದ್ ಕರೀಂ ಅಮೆರಿಕದ ಸ್ಯಾನ್ ಡಿಯಾಗೋ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಮಾತಾಡ್ತಾರೆ. ಒಟ್ಟು 19 ಸೆಕೆಂಡು. ಏನ್ ಹೇಳ್ತಾರೆ? ಆನೆಗಳಿಗೆ ಸೊಂಡಿಲು ಬಹಳ ಉದ್ದ ಇದೆ ಅಂತ ಹೇಳ್ತಾರೆ. ಅಷ್ಟೇ!

ಈಗ ನೀವೇ ಹೇಳಿ. ಆನೆ ಬಗ್ಗೆ ಮಾತಾಡೋಕೆ ಅಂಚೆಟ್ಟಿಯೋರಿಗೆ ಗೊತ್ತಿರೋದು 19 ಸೆಕೆಂಡಿನಷ್ಟೇನಾ? ರಾಗಿ ತೆನೆ ಕಟ್ಟೋ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಹಿಂಡು ಇಳಿದು ಜವಳಗಿರಿ, ಡೆಂಕಣಿಕೋಟೆ ಕಾಡಿಗೆ ಬರುತ್ತೆ. ರಾತ್ರಿ ಎಲ್ಲ ಅಟ್ಟಣೆ ಮೇಲೆ ಕೂತು ಹೊಲ ಕಾಯೋ ನಿಮ್ಮಪ್ಪನಿಗೆ, ನಿಮ್ಮ ತಾತನಿಗೆ ಆನೆ ಬರೋದು ಹೆಂಗೆ ಗೊತ್ತಾಗುತ್ತೆ? ವಾಸನೆಗಾ? ಸದ್ದಿಗಾ? ನಾಯಿ ಬೊಗಳೋ ರೀತಿಗಾ? ಇದನ್ನ ಬೆಂಗಳೂರಿನ ಯಾವ ದೊಡ್ಡ ಚಾನೆಲ್ಲೂ ಮಾಡಕ್ಕಾಗಲ್ಲ. ಅವರ ಹತ್ರ ಕ್ಯಾಮೆರಾ ಐತೆ, ಅಟ್ಟಣೆ ಇಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳ್ಬಿಡ್ತೀನಿ. ಆನೆ ಹಿಂದೆ ಫೋನ್ ಹಿಡ್ಕೊಂಡು ಓಡಬೇಡಿ. ನಮ್ಮ ಸುತ್ತಿನ ಕಾಡಿನ ದೊಡ್ಡ ಭಾಗ 2014ರಲ್ಲಿ ಕಾವೇರಿ ಉತ್ತರ, 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿ ಧಾಮ ಅಂತ ಘೋಷಣೆ ಆಗಿದೆ. ಅನುಮತಿ ಇಲ್ಲದೆ ಒಳಗೆ ಹೋಗಿ ಶೂಟಿಂಗ್ ಮಾಡಿದ್ರೆ ಕೇಸು, ದಂಡ. ಅದಕ್ಕಿಂತ ಹೆಚ್ಚಾಗಿ ಪ್ರಾಣ. ನಮಗೆ ಆನೆಯ ಫೋಟೋ ಬೇಕಾಗಿಲ್ಲ. ಆನೆ ಜೊತೆ ಬದುಕೋ ಮನುಷ್ಯನ ಮಾತು ಬೇಕು. ಹಗಲು ಹೊತ್ತು, ಮನೆ ಜಗುಲಿ ಮೇಲೆ ಕೂತ್ಕೊಂಡೇ ಅದನ್ನ ತೆಗೀಬಹುದು.

ಐಡಿಯಾ ಯಾಕೆ ಒಣಗುತ್ತೆ?

ನನ್ನ ಅನುಭವ ಹೇಳ್ತೀನಿ. ಚಾನೆಲ್ ಶುರು ಮಾಡಿದ ಮೊದಲ ವರ್ಷ ಐಡಿಯಾ ಬೇಕು ಅಂದಾಗೆಲ್ಲ ಫೋನ್ ತೆಗೀತಿದ್ದೆ. ಯಾವುದು ಓಡ್ತಾ ಐತೆ ನೋಡೋದು, ಅದನ್ನೇ ನಾನೂ ಮಾಡೋದು. ಅದೇ ಹಾಡು, ಅದೇ ಡೈಲಾಗು. ಮಾತೂ ನನ್ನದಲ್ಲ, ಟಿವಿ ಆಂಕರ್ ಥರ ಬೆಂಗಳೂರು ಕನ್ನಡ. ನಮ್ಮ ಚಿಕ್ಕಮ್ಮ ನೋಡಿ ಕೇಳಿದ್ಲು: “ಯಾಕ್ಲಾ, ಗಂಟಲು ಕೆಟ್ಟೋಗೈತಾ?”

ಆಗ ನಗು ಬಂತು, ರಾತ್ರಿ ಮಲಗಿದಾಗ ನೋವಾಯ್ತು. ಆಮೇಲೆ ಅರ್ಥ ಆಯ್ತು. ಫೋನು ನಮಗೆ ತೋರಿಸೋದು ಲಕ್ಷಾಂತರ ಜನ ಆಗಲೇ ನೋಡಿರೋದನ್ನ. ಅಲ್ಲಿ ಐಡಿಯಾ ಹುಡುಕೋದು ಅಂದ್ರೆ ಸುಗ್ಗಿ ಮುಗಿದ ಹೊಲದಲ್ಲಿ ಬಿದ್ದ ತೆನೆ ಆಯೋದು. ಒಂದೆರಡು ಸಿಗಬಹುದು, ಕಣಜ ತುಂಬಲ್ಲ.

ಈಗ ಎಐ ಬಂದೈತೆ. “ಹಳ್ಳಿ ಚಾನೆಲ್ಲಿಗೆ ಹತ್ತು ಐಡಿಯಾ ಕೊಡು” ಅಂತ ಕೇಳಿ ನೋಡಿ, ಪಟ್ ಅಂತ ಕೊಡುತ್ತೆ. ಅದೇ ರೀತಿ ಕೇಳಿದ ಬೇರೆಯವರಿಗೂ ಹೆಚ್ಚುಕಮ್ಮಿ ಅದೇ ಹತ್ತು ಸಿಗುತ್ತೆ. ಯೂಟ್ಯೂಬ್ ಕೂಡ 2025ರ ಜುಲೈನಲ್ಲಿ ತನ್ನ ಹಣದ ನಿಯಮವನ್ನ ಇನ್ನಷ್ಟು ಸ್ಪಷ್ಟ ಮಾಡಿತು: ಒಂದೇ ಅಚ್ಚಿನಲ್ಲಿ ರಾಶಿ ರಾಶಿ ತಯಾರು ಮಾಡಿದ ವಿಡಿಯೋಗಳಿಗೆ ಜಾಹೀರಾತಿನ ದುಡ್ಡು ಇಲ್ಲ. ಎಐ ಹತ್ರ ಸಹಾಯ ತಗೊಳ್ಳಿ, ಬೇಡ ಅನ್ನಲ್ಲ. ಆದ್ರೆ ನಿಮ್ಮ ಓಣಿಯಲ್ಲಿ ಇವತ್ತು ಬೆಳಿಗ್ಗೆ ಏನಾಯ್ತು ಅನ್ನೋದು ಅದಕ್ಕೆ ಗೊತ್ತಿಲ್ಲ. ನಿಮಗೆ ಗೊತ್ತು. ಅದೇ ನಿಮ್ಮ ಬಂಡವಾಳ.

ಪಕ್ಕದೋರು ಏನು ಮಾಡಿದ್ರು?

ನಮ್ಮ ತಮಿಳುನಾಡಿನದೇ ಉದಾಹರಣೆ. ಪುದುಕ್ಕೋಟ್ಟೈ ಜಿಲ್ಲೆಯ ಚಿನ್ನ ವೀರಮಂಗಲಂ ಅನ್ನೋ ಹಳ್ಳಿ. ಅಡುಗೆ ಬಲ್ಲ ಒಬ್ಬ ತಾತ, ಜೊತೆಗೆ ಮೊಮ್ಮಕ್ಕಳು. 2018ರಲ್ಲಿ ವಿಲೇಜ್ ಕುಕಿಂಗ್ ಚಾನೆಲ್ ಶುರು ಮಾಡಿದ್ರು. ಬಯಲಲ್ಲಿ ಒಲೆ ಹೂಡೋದು, ದೊಡ್ಡ ಪಾತ್ರೆಯಲ್ಲಿ ಅಡುಗೆ ಮಾಡೋದು, ಆಮೇಲೆ ಅನಾಥಾಶ್ರಮ, ವೃದ್ಧಾಶ್ರಮದೋರಿಗೆ ಬಡಿಸೋದು. 2021ರಲ್ಲಿ 1 ಕೋಟಿ ಚಂದಾದಾರರನ್ನ ದಾಟಿದ ಮೊದಲ ತಮಿಳು ಚಾನೆಲ್ ಆಯ್ತು.

ಇನ್ನೊಂದು ತೆಲಂಗಾಣದ ಲಂಬಾಡಿಪಲ್ಲಿಯದು, ಮೈ ವಿಲೇಜ್ ಶೋ. 2012ರಲ್ಲಿ ಶುರುವಾಗಿದ್ದು. ಹೊಲದಲ್ಲಿ ಕೂಲಿ ಮಾಡ್ತಿದ್ದ ಗಂಗವ್ವ ಅದರ ತಾರೆ ಆದ್ರು. ಅವರು ಆಡಿದ್ದು ಹೈದರಾಬಾದಿನ ತೆಲುಗಲ್ಲ, ತಮ್ಮೂರಿನ ತೆಲುಗು. ಜನ ಕಾದು ಕೂತು ಕೇಳಿದ್ದು ಆ ಮಾತನ್ನೇ.

ನಮ್ಮ ಕನ್ನಡದಲ್ಲಿ ಡಾಕ್ಟರ್ ಬ್ರೋ ಅಂದ್ರೆ ನಿಮಗೆ ಹೇಳಬೇಕಾಗಿಲ್ಲ. ದೇಶ ಸುತ್ತಿ ವಿಡಿಯೋ ಮಾಡೋರು ಪ್ರಪಂಚದಲ್ಲಿ ಸಾವಿರಾರು ಜನ ಇದ್ದಾರೆ. ಗಗನ್ ಅವರು ಎಲ್ಲಿ ಹೋದ್ರೂ “ನಮಸ್ಕಾರ ದೇವ್ರು” ಅಂತ ನಮ್ಮ ಪಕ್ಕದ ಮನೆ ಹುಡುಗನ ಕನ್ನಡದಲ್ಲೇ ಮಾತಾಡಿದ್ರು. ಜನಕ್ಕೆ ಹೊಸದಾಗಿ ಕಂಡಿದ್ದು ಅದು.

ಈ ಮೂರನ್ನೂ ನೋಡಿ, “ಸರಿ, ನಾವೂ ಬಯಲಲ್ಲಿ ಅಡುಗೆ ಮಾಡೋಣ” ಅಂದ್ರೆ ಮತ್ತೆ ನಕಲು ಆಯ್ತು. ಕಲೀಬೇಕಾದ್ದು ಅವರು ಏನು ಮಾಡಿದ್ರು ಅನ್ನೋದಕ್ಕಿಂತ ಎಲ್ಲಿ ನಿಂತ್ಕೊಂಡು ಮಾಡಿದ್ರು ಅನ್ನೋದನ್ನ. ತಾವು ಹುಟ್ಟಿ ಬೆಳೆದ ಕಡೆಯೇ ನಿಂತ್ರು, ತಮ್ಮ ಬಾಯಿಗೆ ಬರೋ ಮಾತೇ ಆಡಿದ್ರು.

ಹಂಗಾದ್ರೆ ನಾವು ನಿಂತಿರೋದು ಎಲ್ಲಿ?

ಮೂರು ಭಾಷೆ ಸೇರೋ ಜಾಗದಲ್ಲಿ. ಇದನ್ನ ನಾವು ಕೊರತೆ ಅಂತ ತಿಳ್ಕೊಂಡಿದ್ದೀವಿ. ಬೆಂಗಳೂರಿಗೆ ಹೋದ್ರೆ “ನೀವು ತಮಿಳರಾ?” ಅಂತಾರೆ. ಇಲ್ಲಿ “ನೀವು ಕನ್ನಡದೋರಾ?” ಅಂತಾರೆ. ಎರಡೂ ಕಡೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಆದ್ರೆ ವಿಡಿಯೋ ಮಾಡೋನಿಗೆ ಇದು ಚಿನ್ನದ ಗಣಿ.

ನಮ್ಮನೆ ತಟ್ಟೆನೇ ನೋಡಿ. ನಮಗೆ ಮುದ್ದೆ. ಪಕ್ಕದ ತಮಿಳರ ಮನೆಯಲ್ಲಿ ಕಳಿ. ಅದರಾಚೆ ತೆಲುಗಿನೋರ ಮನೆಯಲ್ಲಿ ಸಂಗಟಿ. ನಾವು ಹುರುಳಿ ಅಂತೀವಿ, ಅವರು ಕೊಳ್ಳು ಅಂತಾರೆ, ಇವರು ಉಲವಲು ಅಂತಾರೆ. ಹೆಸರು ಮಾತ್ರ ಬೇರೆನಾ, ಮಾಡೋ ರೀತಿನೂ ಬೇರೆನಾ? ಮುದ್ದೆಗೆ ಕೋಲು ಹೆಂಗೆ ಹಿಡೀತಾರೆ, ಸಂಗಟಿಗೆ ಅಕ್ಕಿ ಯಾವಾಗ ಹಾಕ್ತಾರೆ? ಒಂದೇ ಬೀದಿಯ ಮೂರು ಮನೆ, ಮೂರು ಒಲೆ, ಮೂರು ಭಾಷೆ, ಮೂರು ನಿಮಿಷ. ‘ಒಂದು ವಸ್ತು, ಮೂರು ಹೆಸರು’ ಅಂತ ಸರಣಿ ಶುರು ಮಾಡಿದ್ರೆ ಒಂದು ವರ್ಷ ಮುಗಿಯಲ್ಲ.

ಊರಿನ ಹೆಸರು ನೋಡಿ. ಹೊಸೂರು ಅಂದ್ರೆ ಹೊಸ ಊರು. ಹೊಗೆನಕಲ್ ಅಂದ್ರೆ ಹೊಗೆ ಏಳೋ ಕಲ್ಲು, ನೀರು ಬಂಡೆಗೆ ಬಡಿದು ಹೊಗೆ ಹಂಗೆ ಕಾಣೋ ಜಾಗ. ನಮ್ಮ ಕಡೆ ಎಷ್ಟು ಊರಿನ ಹೆಸರು ‘ದೊಡ್ಡಿ’ ಅಂತ ಮುಗಿಯುತ್ತೆ, ಎಣಿಸಿದ್ದೀರಾ? ದೊಡ್ಡಿ ಅಂದ್ರೆ ದನ ಕೂಡೋ ಜಾಗ. ಆದ್ರೆ ತಮಿಳು ಲಿಪಿಯಲ್ಲಿ ತ-ದ ಎರಡಕ್ಕೂ ಒಂದೇ ಅಕ್ಷರ, ಟ-ಡ ಎರಡಕ್ಕೂ ಒಂದೇ ಅಕ್ಷರ. ಹಂಗಾಗಿ ದೊಡ್ಡಿ ಅಂತ ಬರೆದ್ರೂ ಓದೋವಾಗ ‘ತೊಟ್ಟಿ’ ಅಂತ ಆಗುತ್ತೆ. ತೊಟ್ಟಿ ಅಂದ್ರೆ ನೀರು ತುಂಬೋದು! ಬೋರ್ಡು ಬರೆದೋರ ತಪ್ಪಲ್ಲ, ಆ ಲಿಪಿ ಇರೋದೇ ಹಾಗೆ. ಆದ್ರೆ ಬೋರ್ಡು ನೋಡಿ ಬೆಳೆದ ಮಗು ‘ನಮ್ಮೂರಲ್ಲಿ ಯಾವುದೋ ತೊಟ್ಟಿ ಇತ್ತೇನೋ’ ಅಂದ್ಕೊಳ್ಳುತ್ತೆ. ದನ ಹೋಯ್ತು, ದೊಡ್ಡಿ ಹೋಯ್ತು, ಈಗ ಹೆಸರಿನ ಅರ್ಥನೂ ಹೋಗ್ತಾ ಐತೆ. ಬೋರ್ಡಿನ ಮುಂದೆ ನಿಂತು ಎರಡು ನಿಮಿಷ ಹೇಳಿ, ಆಮೇಲೆ ಊರಿನ ಹಿರಿಯರನ್ನ ಕೇಳಿ, ದನ ಕೂಡ್ತಿದ್ದ ಜಾಗ ಎಲ್ಲಿತ್ತು ಅಂತ. ಅವರು ಕೈ ತೋರಿಸ್ತಾರಲ್ಲ, ಆ ಕೈಯೇ ನಿಮ್ಮ ವಿಡಿಯೋ.

ಇನ್ನೊಂದು ವಿಷಯ. 2006ರ ತಮಿಳು ಕಲಿಕೆ ಕಾಯ್ದೆ ಆದ್ಮೇಲೆ 10ನೇ ತರಗತಿವರೆಗೂ ಹಂತಹಂತವಾಗಿ ತಮಿಳು ಕಡ್ಡಾಯ ಆಯ್ತು. ಇಲ್ಲಿ ಕೂತಿರೋ ಬಹಳ ಜನಕ್ಕೆ ಕನ್ನಡ ಮಾತಾಡಕ್ಕೆ ಚೆನ್ನಾಗಿ ಬರುತ್ತೆ, ಓದಕ್ಕೆ ಬರೆಯಕ್ಕೆ ತಡವರಿಸ್ತೀರಿ. ಅದಕ್ಕೆ ನಾಚಿಕೆ ಪಡ್ತೀರಿ. ನಾಚಿಕೆ ಬೇಡ. ವಿಡಿಯೋಗೆ ಮೊದಲು ಬೇಕಾದ್ದು ನಾಲಿಗೆ, ಅದು ನಿಮ್ಮ ಹತ್ರ ಐತೆ. ಅಕ್ಷರ ಆಮೇಲೆ ಕಲಿಯೋಣ. ವಿಡಿಯೋದ ತಲೆಬರಹ ಬರೆಯೋ ನೆಪದಲ್ಲೇ ಕಲಿಯೋಣ.

ಸರಿ, ಐಡಿಯಾ ಹುಟ್ಟಿಸೋದು ಹೆಂಗೆ?

ನಾನು ಮಾಡೋ ನಾಲ್ಕು ಕೆಲಸ ಹೇಳ್ತೀನಿ. ಇದರಲ್ಲಿ ದುಡ್ಡು ಖರ್ಚಾಗೋದು ಒಂದು ನೋಟ್‌ಬುಕ್ಕಿಗೆ ಮಾತ್ರ.

ಒಂದು, ವಿಷಯ ಬರೆಯಬೇಡಿ, ಪ್ರಶ್ನೆ ಬರೀರಿ. ‘ನಮ್ಮೂರ ಸಂತೆ’ ಅಂತ ಬರೆದ್ರೆ ಅದು ವಿಷಯ. ಫೋನ್ ಹಿಡಿದು ಸಂತೆಯೆಲ್ಲ ಸುತ್ತಿ ಬರ್ತೀರಿ, ಯಾರೂ ನೋಡಲ್ಲ. ‘ಸಂತೆಗೆ ಬಂದ ಹುಣಸೆಹಣ್ಣು ಆಮೇಲೆ ಎಲ್ಲಿಗೆ ಹೋಗುತ್ತೆ? ಮರ ಬಡಿದವನಿಗೆ ಕೇಜಿಗೆ ಎಷ್ಟು, ಕೊನೆಗೆ ಅಂಗಡಿಯಲ್ಲಿ ಎಷ್ಟು?’ ಇದು ಪ್ರಶ್ನೆ. ಉತ್ತರ ಸಿಗೋವರೆಗೂ ನೋಡೋನು ಎದ್ದು ಹೋಗಲ್ಲ. ಮಾಡೋ ನಿಮಗೂ ಉತ್ತರ ಗೊತ್ತಿರಬಾರದು, ಆಗಲೇ ಅದರಲ್ಲಿ ಜೀವ ಇರುತ್ತೆ. ದಿನಕ್ಕೆ ಎರಡು ಪ್ರಶ್ನೆ ಬರೀರಿ. ತಿಂಗಳಿಗೆ 60 ಆಯ್ತು. ಅದರಲ್ಲಿ 55 ಕೆಟ್ಟದ್ದು. ಪರವಾಗಿಲ್ಲ, 5 ಉಳೀತು.

ಎರಡು, ಒಂದೇ ವಸ್ತುವನ್ನ ಬಿಡದೆ ಹಿಡ್ಕೊಳ್ಳಿ. ರಾಗಿ ತಗೊಳ್ಳಿ. ಬೀಜ ಯಾರು ಎತ್ತಿಡ್ತಾರೆ? ಕೂರಿಗೆ ಈಗ ಯಾರ ಮನೆಯಲ್ಲಿ ಉಳಿದೈತೆ? ಗುಂಟುವೆ ಹೊಡೆಯೋದು ಯಾಕೆ? ಕಣ ಸಾರಿಸ್ತಿದ್ದ ಜಾಗದಲ್ಲಿ ಈಗ ತಾರು ರೋಡಿನ ಮೇಲೆ ಒಕ್ಕಣೆ ಯಾಕೆ? ಹಗೇವಿನಲ್ಲಿ ರಾಗಿ ಎಷ್ಟು ವರ್ಷ ಕೆಡದೆ ಇರ್ತಿತ್ತು? ಬೀಸೋ ಕಲ್ಲು ಯಾವತ್ತು ಮೂಲೆ ಸೇರಿತು, ಮನೆಗೆ ಮೊದಲು ಮಿಲ್ಲಿನ ಹಿಟ್ಟು ಬಂದ ದಿನ ಅಜ್ಜಿಗೆ ಖುಷಿ ಆಯ್ತಾ ಬೇಜಾರಾಯ್ತಾ? ನೋಡಿ, ಉಸಿರು ಬಿಡೋದರೊಳಗೆ ಏಳು ಪ್ರಶ್ನೆ ಆಯ್ತು. ಬೇಡಾದ್ರೆ ರಾಗಿ ಬಿಡಿ, ಆಲಂಬಾಡಿ ದನ ಹಿಡೀರಿ. ಹೊಸೂರಿಗೆ ಹೋಗೋ ಬೆಳಗಿನ ಬಸ್ಸು ಹಿಡೀರಿ. ಯಾರು ಹತ್ತುತಾರೆ, ಯಾವ ಫ್ಯಾಕ್ಟರಿಗೆ, ರಾತ್ರಿ ಎಷ್ಟೊತ್ತಿಗೆ ವಾಪಸ್ಸು.

ಮೂರು, ಕ್ಯಾಲೆಂಡರ್ ಗೋಡೆಗೆ ನೇತು ಹಾಕಿ. ಅವರೆಕಾಯಿ ಯಾವಾಗ, ಹುಣಸೆ ಬಡಿಯೋದು ಯಾವಾಗ, ಮಾವು ಯಾವಾಗ, ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಹೊರಡೋದು ಯಾವಾಗ. ಒಂದು ತಿಂಗಳು ಮೊದಲೇ ಪ್ರಶ್ನೆ ತಯಾರು ಮಾಡ್ಕೊಳ್ಳಿ. ಹಬ್ಬದ ದಿನ ಬೆಳಿಗ್ಗೆ ಎದ್ದು ‘ಏನ್ ಮಾಡೋದು’ ಅಂತ ಕೂತ್ರೆ ಮತ್ತೆ ಫೋನೇ ಗತಿ.

ನಾಲ್ಕು, ಮೊದಲು ಕಿವಿ, ಆಮೇಲೆ ಕ್ಯಾಮೆರಾ. ಹಿರಿಯರ ಮುಂದೆ ಹೋಗಿ ತಕ್ಷಣ ಫೋನ್ ಹಿಡಿದು “ನಿಮ್ಮ ಕಾಲ ಹೆಂಗಿತ್ತು ಹೇಳಿ” ಅಂದ್ರೆ “ಚೆನ್ನಾಗಿತ್ತಪ್ಪ” ಅಂತಾರೆ, ಮುಗೀತು. ಮೊದಲ ದಿನ ಸುಮ್ನೆ ಹೋಗಿ ಕೂತ್ಕೊಳ್ಳಿ. ಕಾಫಿ ಕುಡೀರಿ. ಅವರು ಆಡಿದ ಮಾತಲ್ಲಿ ನಿಮಗೆ ಗೊತ್ತಿಲ್ಲದ ಒಂದು ಪದ ಹಿಡ್ಕೊಳ್ಳಿ. ಎರಡನೇ ದಿನ ಆ ಪದದ ಬಗ್ಗೆ ಕೇಳಿ. ಹುರುಳಿಗೆ ಹುಳ ಬೀಳದ ಹಾಗೆ ಬೂದಿ ಬೆರೆಸಿ ಇಡೋದನ್ನ ನಾನು ಹೀಗೇ ತಿಳ್ಕೊಂಡಿದ್ದು. ತೆಗೆದ ಮೇಲೆ ಅವರಿಗೆ ತೋರಿಸಿ, “ಹಾಕಬಹುದಾ ಅಜ್ಜಿ?” ಅಂತ ಕೇಳಿ. ಬೇಡ ಅಂದ್ರೆ ಬೇಡ. ನೆಂಟಸ್ತನಕ್ಕಿಂತ ವ್ಯೂಸ್ ದೊಡ್ಡದಲ್ಲ.

ಯಾವುದು ಐಡಿಯಾ ಅಲ್ಲ?

ಜಗಳ ಐಡಿಯಾ ಅಲ್ಲ. ಕಾವೇರಿ ಗಲಾಟೆ ಶುರುವಾದಾಗೆಲ್ಲ ನೋಡ್ತೀರಿ, ಆ ಕಡೆಯೊಬ್ಬ ಈ ಕಡೆಯೊಬ್ಬ ಬೈದು ರೀಲ್ಸ್ ಹಾಕ್ತಾರೆ. ಬೇಗ ಓಡುತ್ತೆ, ನಿಜ. ಆದ್ರೆ ಬೈದೋನು ಬೆಂಗಳೂರಲ್ಲಿ ಇರ್ತಾನೆ ಇಲ್ಲ ಚೆನ್ನೈಯಲ್ಲಿ ಇರ್ತಾನೆ. ಮಾರನೇ ದಿನ ಅದೇ ಬಸ್ಸಲ್ಲಿ, ಅದೇ ಟೀ ಅಂಗಡಿಯಲ್ಲಿ ಮುಖ ನೋಡಬೇಕಾಗಿರೋದು ನಾವು. ನಮ್ಮ ಭಾಷೆ ಉಳಿಸ್ಕೊಳ್ಳೋಕೆ ಪಕ್ಕದವನ ಭಾಷೆ ಬೈಯ್ಯಬೇಕಾಗಿಲ್ಲ. ನನ್ನ ವಿಡಿಯೋಗಳಿಗೆ ನಾನು ತಮಿಳು ಸಬ್‌ಟೈಟಲ್ ಹಾಕ್ತೀನಿ. ಪಕ್ಕದ ಮನೆ ಹುಡುಗಿಯೇ ಬರೆದು ಕೊಡ್ತಾಳೆ. ಅವರ ಮನೆಯೋರೂ ನೋಡ್ತಾರೆ. “ಓ, ನೀವು ಇದಕ್ಕೆ ಹೀಗಂತೀರಾ?” ಅಂತಾರೆ. ಅಲ್ಲೇ ನನಗೆ ಮುಂದಿನ ಐಡಿಯಾ ಸಿಗುತ್ತೆ.

ದುಡ್ಡಿನ ಬಗ್ಗೆ ನೇರವಾಗಿ ಹೇಳ್ತೀನಿ. ಯೂಟ್ಯೂಬಿನ ಜಾಹೀರಾತು ದುಡ್ಡು ಬರಬೇಕಾದ್ರೆ 1,000 ಚಂದಾದಾರರು ಬೇಕು. ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ಜನ ನೋಡಿರಬೇಕು, ಇಲ್ಲವೇ ಶಾರ್ಟ್ಸ್ 90 ದಿನದಲ್ಲಿ 1 ಕೋಟಿ ಸಲ ಓಡಿರಬೇಕು. ಸುಲಭ ಅಲ್ಲ. ಕೆಲಸ ಬಿಟ್ಟು, ಕಾಲೇಜು ಬಿಟ್ಟು ಇದಕ್ಕೆ ಇಳೀಬೇಡಿ. ವಾರಕ್ಕೊಂದು ವಿಡಿಯೋ ಸಾಕು, ವಾರ ತಪ್ಪಿಸದೆ ಹಾಕಿ.

ಕೊನೆಗೆ ನನ್ನ ದೊಡ್ಡ ತಪ್ಪು ಹೇಳಿ ಮುಗಿಸ್ತೀನಿ.

ನಮ್ಮ ಸೋದರಮಾವ ಮಾದಪ್ಪನ ಪದ ಹಾಡ್ತಿದ್ರು. ಕಂಸಾಳೆ ಹಿಡಿದು ಕೂತ್ರೆ ಬೆಳಗಿನ ಜಾವದವರೆಗೂ. ಆಲಂಬಾಡಿ ಜುಂಜೇಗೌಡ ಮಾದಪ್ಪನಿಗೆ ಗುಡಿ ಕಟ್ಟಿಸೋ ಕತೆ ಬಂತು ಅಂದ್ರೆ ಮಕ್ಕಳೂ ನಿದ್ದೆ ಬಿಟ್ಟು ಕೇಳ್ತಿದ್ವಿ. ಆಲಂಬಾಡಿ ಅಂದ್ರೆ ಎಲ್ಲೋ ಪುರಾಣದ ಊರಲ್ಲ, ನಮ್ಮ ಕಾವೇರಿ ದಂಡೆಯದು. ನಮ್ಮ ಎತ್ತಿಗೂ ಅದೇ ಹೆಸರು. ಇದನ್ನ ರೆಕಾರ್ಡ್ ಮಾಡಬೇಕು ಅಂತ ಎರಡು ವರ್ಷ ಅಂದ್ಕೊಂಡೆ. ಫೋನಲ್ಲಿ ಬೇಡ, ಒಳ್ಳೆ ಕ್ಯಾಮೆರಾ ತಗೊಳ್ಳೋಣ, ಮೈಕ್ ತಗೊಳ್ಳೋಣ ಅಂತ ಕಾದೆ. ದುಡ್ಡು ಕೂಡಿಸಿ ಕ್ಯಾಮೆರಾ ತಂದೆ. ಅಷ್ಟರಲ್ಲಿ ಮಾವನಿಗೆ ಪಾರ್ಶ್ವವಾಯು ಹೊಡೀತು. ಪ್ರಾಣ ಉಳೀತು, ಮಾತು ಹೋಯ್ತು.

ಕ್ಯಾಮೆರಾ ಕೈಯಲ್ಲಿ ಹಿಡ್ಕೊಂಡು ಅವರ ಮುಂದೆ ಕೂತಿದ್ದೆ. ತೆಗೆಯೋಕೆ ಏನೂ ಇರಲಿಲ್ಲ. ಆಗ ಅವರ ಮಗಳು, ಕಾಲೇಜಿಗೆ ಹೋಗೋ ಹುಡುಗಿ, ತನಗೆ ನೆನಪಿರೋ ನಾಲ್ಕು ಸಾಲು ಮೆಲ್ಲಗೆ ಹೇಳಕ್ಕೆ ಶುರು ಮಾಡಿದ್ಲು. ಒಂದು ಕಡೆ ತಪ್ಪಿದ್ಲು. ಮಾವ ಬೆರಳು ಅಲ್ಲಾಡಿಸಿದ್ರು, ಹಂಗಲ್ಲ ಅಂತ. ಅವಳು ಬೇರೆ ಪದ ಹಾಕಿದ್ಲು. ಮತ್ತೆ ಬೆರಳು. ಮೂರನೇ ಸಲಕ್ಕೆ ಸರಿಯಾಯ್ತು. ಮಾವ ಕಣ್ಣು ಮುಚ್ಚಿ ತಲೆ ಆಡಿಸಿದ್ರು. ನಾನು ಕ್ಯಾಮೆರಾ ಕೆಳಗಿಟ್ಟು ಹಳೇ ಫೋನಲ್ಲೇ ಅದನ್ನ ತೆಗೆದೆ. ಈಗ ವಾರ ವಾರ ಅದನ್ನೇ ಮಾಡ್ತಿದ್ದೀವಿ. ಅವಳು ಹೇಳ್ತಾಳೆ, ಅವರು ಬೆರಳಲ್ಲಿ ತಿದ್ದುತಾರೆ. ಇಡೀ ಕತೆ ಸಿಗಲ್ಲ, ಗೊತ್ತು. ಸಿಕ್ಕಷ್ಟು ಸಿಗಲಿ.

ನನ್ನ ಚಾನೆಲ್ಲಿನಲ್ಲಿ ನಕಲು ಅಲ್ಲದ ಮೊದಲ ವಿಡಿಯೋ ಅದು. ಅದನ್ನ ನಾನು ಯೋಚನೆ ಮಾಡಿ ಹುಟ್ಟಿಸಲಿಲ್ಲ. ಅಲ್ಲಿ ಕೂತಿದ್ದಕ್ಕೆ ಕಣ್ಣಿಗೆ ಬಿತ್ತು.

ಹಂಗಾಗಿ, ತಮ್ಮಂದಿರೇ ತಂಗಿಯರೇ, ಒಂದು ಕೆಲಸ ಕೊಟ್ಟು ಕಳಿಸ್ತೀನಿ. ಇವತ್ತು ರಾತ್ರಿ ಊಟ ಆದ್ಮೇಲೆ ಮನೆಯ ಹಿರಿಯರ ಹತ್ರ ಹತ್ತು ನಿಮಿಷ ಕೂತ್ಕೊಳ್ಳಿ. ಫೋನ್ ಒಳಗಿಡಿ. ನಿಮಗೆ ಅರ್ಥ ಆಗದ ಒಂದು ಕನ್ನಡ ಪದ ಅವರ ಬಾಯಿಂದ ಬರೋವರೆಗೂ ಏಳಬೇಡಿ. ಬಂದ್ರೆ ಬರ್ಕೊಳ್ಳಿ. ಕನ್ನಡದಲ್ಲಿ ಬರೆಯಕ್ಕೆ ಬರಲಿಲ್ಲ ಅಂದ್ರೆ ತಮಿಳಲ್ಲೇ ಬರ್ಕೊಳ್ಳಿ, ಪರವಾಗಿಲ್ಲ. ನಾಳೆ ಆ ಪದದ ಮೇಲೆ ಒಂದು ನಿಮಿಷದ ವಿಡಿಯೋ ಮಾಡಿ ಈ ಪುಟಕ್ಕೆ ಕಳಿಸಿ. ಚೆನ್ನಾಗಿದೆಯೋ ಇಲ್ಲವೋ ಅಂತ ಯೋಚನೆ ಬೇಡ.

ಬೇಗ ಕಳಿಸಿ. ನಾನು ಎರಡು ವರ್ಷ ಕಾದಿದ್ದೆ. ನೀವು ಕಾಯಬೇಡಿ.